ಸುಗುಣಳಿಗೆ ತಂದ ನೀರು

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹುಳುಗಳಿಗೆ ಹೆಚ್ಚು ಜಾಗವಿತ್ತು. ಕೋಲಾರದ ಹತ್ತಿರದ ಕ್ಯಾಲನೂರಿನಿಂದ ಒಳಕ್ಕೆ, ಬಸ್ಸು ಹೋಗದ ಹಳ್ಳಿ ನಮ್ಮದು. ಎರಡು ಎಕರೆ ಹಿಪ್ಪುನೇರಳೆ, ಮಿಕ್ಕಿದ್ದರಲ್ಲಿ ರಾಗಿ. ಮನೆಯ ನಡುವಿನ ಉದ್ದ ಹಜಾರವನ್ನು ಹುಳುಮನೆ ಎನ್ನುತ್ತಿದ್ದೆವು. ಅದರ ತುಂಬ ಬೊಂಬಿನ ಸ್ಟ್ಯಾಂಡುಗಳು, ಸ್ಟ್ಯಾಂಡುಗಳಲ್ಲಿ ಒಂದರ ಮೇಲೊಂದು ಬಿದಿರು ತಟ್ಟೆ, ತಟ್ಟೆಗಳಲ್ಲಿ ರೇಷ್ಮೆ ಹುಳು. ಅಪ್ಪ, ಅಮ್ಮ, ಅಜ್ಜಿ, ನಾನು, ನನಗಿಂತ ಮೂರು ವರ್ಷ ಚಿಕ್ಕವಳಾದ ತಂಗಿ ಸುಗುಣ, ಇಷ್ಟು ಜನ ಅಡುಗೆಮನೆಯಲ್ಲೂ ಮುಂದಿನ ಜಗಲಿಯಲ್ಲೂ ಹೇಗೋ ಹೊಂದಿಕೊಂಡಿದ್ದೆವು. ಹುಳು ಇರುವಾಗ ಒಗ್ಗರಣೆ ಹಾಕುವಂತಿರಲಿಲ್ಲ, ಘಾಟು ಅವಕ್ಕೆ ಆಗದು. ಬೀಡಿ ಸೇದಿ ಬಂದ ನೆಂಟರು ಜಗಲಿಯಿಂದ ಒಳಗೆ ಕಾಲಿಡುವಂತಿರಲಿಲ್ಲ. ತೋಟವನ್ನು ಎರಡು ಭಾಗ ಮಾಡಿ ವರ್ಷಕ್ಕೆ ಎಂಟು ಒಂಬತ್ತು ಬೆಳೆ ತೆಗೆಯುತ್ತಿದ್ದೆವಾದ್ದರಿಂದ ನಾನು ಚಿಕ್ಕಂದಿನಲ್ಲಿ ಉಂಡದ್ದು ಬಹುಪಾಲು ಒಗ್ಗರಣೆಯಿಲ್ಲದ ಸಾರು ಮತ್ತು ಮುದ್ದೆ. ಎರಡು ಹಸುಗಳಿದ್ದವು. ಹಾಲೆಲ್ಲ ಡೇರಿಗೆ ಹೋಗುತ್ತಿತ್ತು, ನಮಗೆ ಟೀಗೆ ಬೇಕಾದಷ್ಟು ಉಳಿಯುತ್ತಿತ್ತು.

ಹಜಾರಕ್ಕೆ ಎರಡು ಕಿಟಕಿಗಳಿದ್ದವು ಎಂದು ಬರೆಯಹೊರಟು ನಿಲ್ಲಿಸಿದೆ. ಒಂದೇ ಇತ್ತು ಎನ್ನುತ್ತಾನೆ ಚಿಕ್ಕಪ್ಪನ ಮಗ. ಮನೆ ಕೆಡವಿ ಬಹಳ ಕಾಲವಾಯಿತು, ಹೋಗಿ ನೋಡಲು ಗೋಡೆಯೇ ಇಲ್ಲ. ಮೈಸೂರಿನಲ್ಲಿ ವರ್ಷಗಟ್ಟಲೆ ಕೂತು ಓದಿದವನು ನಾನು. ಆಧಾರವಿಲ್ಲದೆ ಏನನ್ನೂ ಒಪ್ಪಬಾರದು ಎಂಬುದನ್ನು ಅಲ್ಲಿ ಕಲಿತೆ. ಅದರ ಫಲವೋ ಏನೋ, ಆಮೇಲೆ ಯಾವ ಕೆಲಸದಲ್ಲೂ ಯಾವ ಊರಲ್ಲೂ ನೆಲೆ ನಿಲ್ಲಲಿಲ್ಲ. ನನ್ನ ನೆನಪನ್ನೂ ಬೇರೆಯವರ ಮಾತಿನಷ್ಟೇ ಅನುಮಾನದಿಂದ ನೋಡುತ್ತೇನೆ. ಒಂದೋ ಎರಡೋ, ಕಿಟಕಿ ಮುಚ್ಚಿತ್ತು ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ. ನಾನು ಮಿಡ್ಲ್ ಸ್ಕೂಲಿಗೆ ಸೇರುವ ಹೊತ್ತಿಗೆ ಊಜಿ ನೊಣ ನಮ್ಮ ಕಡೆಗೆ ಬಂತು. ನೋಡಲು ಮನೆಯ ನೊಣದಂತೆಯೇ, ಸ್ವಲ್ಪ ದೊಡ್ಡದು. ಹುಳುವಿನ ಮೈಮೇಲೆ ಒಂದು ಮೊಟ್ಟೆ ಇಟ್ಟು ಹೋದರೆ ಸಾಕು, ಅದರ ಮರಿ ಹುಳುವನ್ನು ಒಳಗಿಂದ ತಿಂದು, ಕಟ್ಟಿದ ಗೂಡನ್ನು ತೂತು ಮಾಡಿಕೊಂಡು ಆಚೆ ಬರುತ್ತದೆ. ತೂತಾದ ಗೂಡನ್ನು ಮಾರ್ಕೆಟ್ಟಿನಲ್ಲಿ ಯಾರೂ ಮುಟ್ಟುವುದಿಲ್ಲ. ಅಪ್ಪ ಮೊದಲು ಕಿಟಕಿಗೆ ನೈಲಾನ್ ಬಲೆ ಹೊಡೆದರು. ಬಲೆ ಒಂದು ಕಡೆ ಹರಿದಿದ್ದು ಕಂಡ ದಿನ ಅದರ ಮೇಲೆ ಗೋಣಿಚೀಲ ಹೊಡೆದರು. ಗೋಣಿಯ ಸಂದಿಯಲ್ಲಿ ಬೆಳಕಿನ ಚುಕ್ಕೆಗಳು ಕಂಡವೆಂದು ಅದರ ಮೇಲೆ ಹಳೇ ಪೇಪರು ಅಂಟಿಸಿದರು. ಬೆಳಕು ಬರುವ ಕಡೆ ನೊಣವೂ ಬರುತ್ತದೆ ಎಂಬುದು ಅವರ ಲೆಕ್ಕ. ಆಮೇಲೆ ಹಗಲಲ್ಲೂ ಒಳಗೆ ಒಂದು ಮಂಕು ಬಲ್ಬು ಉರಿಯುತ್ತಿತ್ತು, ಕರೆಂಟು ಇದ್ದಾಗ.

ಸುಗುಣ ಆ ಕತ್ತಲೆಯೊಳಗೆ ಹೋದದ್ದು ಒಂದು ಸಾವಿನಿಂದ. ಅವಳಿಗೆ ಆಗ ಒಂಬತ್ತು ವರ್ಷ. ಅಮ್ಮನ ತವರಿನಲ್ಲಿ ಯಾರೋ ತೀರಿಕೊಂಡು, ಸೂತಕದವಳು ಹುಳು ಮುಟ್ಟಬಾರದೆಂದು ಅಮ್ಮ ಹೊರಗುಳಿದಳು. ಅದೇ ದಿನ ಮೊಟ್ಟೆ ಒಡೆದು ಸಾಸಿವೆಯಷ್ಟು ಮರಿಗಳು ಹೊರಬಂದಿದ್ದವು. ಎಳೆಸೊಪ್ಪನ್ನು ಸಣ್ಣಗೆ ಹೆಚ್ಚಿ ಅವುಗಳ ಮೇಲೆ ಉದುರಿಸಲು ಹಗುರ ಕೈ ಬೇಕಿತ್ತು. ಅಪ್ಪ ಸುಗುಣಳನ್ನು ಕೂರಿಸಿದರು. ಆ ಸಲದ ಬೆಳೆಯಲ್ಲಿ ಒಂದು ಹುಳುವೂ ರೋಗ ಬಂದು ಸುಣ್ಣದಂತೆ ಬೆಳ್ಳಗೆ ಗಟ್ಟಿಯಾಗಿ ಸಾಯಲಿಲ್ಲ, ಗೂಡುಗಳು ಗೋಲಿಯಂತೆ ಗಟ್ಟಿಯಾಗಿದ್ದವು. ಅಲ್ಲಿಂದ ಅವಳ ಕೈಗುಣದ ಮಾತು ಶುರುವಾಯಿತು. ನಮ್ಮ ಕಡೆ ಮೊದಲ ಸೊಪ್ಪು ಹಾಕಿದ ಕೈಯೇ ಗೂಡಾಗುವ ತನಕ ಇರಬೇಕು, ನಡುವೆ ಕೈ ಬದಲಾಯಿಸಬಾರದು ಎನ್ನುತ್ತಾರೆ. ಅಪ್ಪ ಅದಕ್ಕೆ ಇನ್ನೊಂದು ಕಟ್ಟಳೆ ಸೇರಿಸಿದರು: ಒಳಗಿನವರು ಹೊರಗೆ ಸುತ್ತಬಾರದು, ಹೊರಗಿನವರು ಒಳಗೆ ಬರಬಾರದು. ಹೊರಗಿನ ಧೂಳಿನ ಜೊತೆ ರೋಗ ಬರುತ್ತದೆ. ಹೀಗೆ ಒಂದು ಬೆಳೆಗೆ ಇಪ್ಪತ್ತೇಳು, ಇಪ್ಪತ್ತೆಂಟು ದಿನ ಅವಳು ಹಜಾರ ಬಿಟ್ಟು ಬರುತ್ತಿರಲಿಲ್ಲ. ಬೆಳಗಿನ ಜಾವ ಹೆಂಗಸರ ಜೊತೆ ಬಯಲಿಗೆ ಹೋಗಿ ಬರುತ್ತಿದ್ದಳು, ಕತ್ತಲಾದ ಮೇಲೆ ಇನ್ನೊಮ್ಮೆ. ಎರಡು ಬೆಳೆಗಳ ನಡುವಿನ ಬಿಡುವಿನಲ್ಲಿ ಸ್ಕೂಲಿಗೆ ಹೋಗುತ್ತಿದ್ದಳು. ಹತ್ತು ಹನ್ನೆರಡು ದಿನ ಬಂದು ಮತ್ತೆ ಮಾಯವಾಗುವ ಹುಡುಗಿಗೆ ಮೇಷ್ಟ್ರು ಏನೂ ಕೇಳುತ್ತಿರಲಿಲ್ಲ. ಊರಿನ ಅರ್ಧ ಮನೆಗಳಲ್ಲಿ ಹುಳು ಇತ್ತು.

ಅವಳಿಗೆ ಇದರಿಂದ ಬೇಜಾರಿತ್ತು ಎಂದು ನನಗೆ ಅನಿಸುತ್ತಿರಲಿಲ್ಲ. ಮನೆಯಲ್ಲಿ ಅವಳಿಗೆ ಮರ್ಯಾದೆ ಹೆಚ್ಚಿತ್ತು. ಅಪ್ಪ ಪೇಟೆಯಿಂದ ಬಂದರೆ ಬಾಳೆಹಣ್ಣಿನ ಚಿಪ್ಪಿನಲ್ಲಿ ದಪ್ಪ ಹಣ್ಣು ಅವಳದು. ಅವಳು ಹುಳುಗಳಿಗೆ ಹೆಸರಿಟ್ಟು ಬೈಯುತ್ತಿದ್ದಳು. ಸೊಪ್ಪು ತಿನ್ನದೆ ತಲೆ ಎತ್ತಿ ನಿಂತ ಹುಳುವಿಗೆ ನನ್ನ ಹೆಸರು.

"ನೋಡು ಅಣ್ಣ, ನಿನ್ನಂಗೇ. ಕೆಲಸ ಇಲ್ಲ, ಕತ್ತು ಎತ್ಕೊಂಡು ಯೋಚನೆ ಮಾಡ್ತಿದೆ."

ಮೊದಲು ಗಮನಿಸಿದ್ದು ಅಜ್ಜಿ. ಅಜ್ಜಿಯನ್ನು ನಾವು ಅವ್ವ ಎಂದು ಕರೆಯುತ್ತಿದ್ದೆವು. ಆಕೆ ಹುಟ್ಟಿದ್ದು ಶ್ರೀನಿವಾಸಪುರದ ಆಚೆ, ಸಿಟ್ಟು ಬಂದರೆ ಬಾಯಿಗೆ ತೆಲುಗು ಬರುತ್ತಿತ್ತು. ಕೆಳಗಿನ ತಟ್ಟೆ ಎಳೆಯಲು ಕುಕ್ಕರಗಾಲಲ್ಲಿ ಕೂತ ಸುಗುಣ ತೊಡೆಯ ಮೇಲೆ ಕೈ ಊರಿ, ಸೊಂಟ ಹಿಡಿದು, ಎರಡು ಸಲ ಪ್ರಯತ್ನಿಸಿ ಏಳುತ್ತಿದ್ದಳು.

"ಏನೇ ಇದು, ಮುದುಕಿ ನೀನೋ ನಾನೋ?" ಎಂದು ಅಜ್ಜಿ ಬಾಗಿಲಾಚೆಯಿಂದ ಕೇಳಿದಳು.

"ಕಾಲು ಸೆಳೀತದೆ ಅವ್ವ."

"ನನ್ನ ಕೋಲು ಕೊಡ್ಲಾ?"

ಇಬ್ಬರೂ ನಕ್ಕರು. ಆ ನಗು ನನಗೆ ಸ್ಪಷ್ಟವಾಗಿ ನೆನಪಿದೆ, ಆದ್ದರಿಂದಲೇ ಅದನ್ನು ಅಷ್ಟಾಗಿ ನಂಬುವುದಿಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ನಗುವಂಥದ್ದೇನೂ ಉಳಿದಿರಲಿಲ್ಲ. ಸುಗುಣಳ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತಿದ್ದವು, ಪಾದಗಳು ದೂರ ಸರಿದಿದ್ದವು. ಅತ್ತಿತ್ತ ತೂಗುತ್ತ ನಡೆಯುತ್ತಿದ್ದಳು. ಬಿಡುವಿನಲ್ಲಿ ಸ್ಕೂಲಿಗೆ ಹೋದಾಗ ಹುಡುಗರು ಅವಳ ಹಿಂದೆ ಬಾತುಕೋಳಿಯಂತೆ ನಡೆದು ತೋರಿಸಿದರು. ಎರಡನೇ ದಿನ ಅವಳು ಹೋಗಲಿಲ್ಲ. ಒಳಗೇ ಇರುತ್ತೇನೆ ಎಂದಳು.

ಒಂದು ಸಂಜೆ ಅಡುಗೆಮನೆಯಲ್ಲಿ ಊಟಕ್ಕೆ ಕೂತಾಗ ಈ ಮಾತು ಬಂತು. ಹುಳುಗಳಿಗೆ ನಾಲ್ಕನೇ ಜ್ವರ. ನಮ್ಮ ಕಡೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ನಿಲ್ಲಿಸಿ ಮಲಗುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದು ಎದ್ದರೆ ಬೆಳೆ ಗೆದ್ದಂತೆ, ಆಗಲೇ ಕೈ ಬದಲಾಯಿಸಲು ಯಾರೂ ಒಪ್ಪುವುದಿಲ್ಲ. ಅಜ್ಜಿ ತನ್ನ ತಟ್ಟೆಯನ್ನು ಸರಿಸಿ ಕೂತಳು.

"ಆ ಮಗೂನ ದಿನಾ ಮೈಗೆ ಎಣ್ಣೆ ಹಚ್ಚಿ ಬಿಸಿಲಿಗೆ ಕೂರಿಸ್ಬೇಕು. ಎಳೆ ಮೂಳೆ. ಬಾಣಂತಿ ಮಕ್ಕಳನ್ನ ಯಾಕೆ ಬಿಸಿಲಲ್ಲಿ ಮಲಗಿಸ್ತಾರೆ, ಚಂದಕ್ಕಾ?"

"ಬೆಳೆ ಮುಗೀಲಿ ಇರವ್ವ," ಎಂದರು ಅಪ್ಪ. "ನಾಲ್ಕು ದಿನದ ಮಾತು."

"ನೀನು ನಾಲ್ಕು ದಿನ ಅಂತ ಎರಡು ವರ್ಷದಿಂದ ಹೇಳ್ತಿದೀಯ. ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತಿಗೆ ಮಗಳೂ ಹಣ್ಣಾಗ್ತಾಳೆ."

ಅಪ್ಪ ಕೆಟ್ಟವರಲ್ಲ. ಮುದ್ದೆಯನ್ನು ಬೆರಳಲ್ಲಿ ಒತ್ತುತ್ತಾ ಕೂತಿದ್ದರು, ನುಂಗಲಿಲ್ಲ. ಅಜ್ಜಿ ಇನ್ನೊಂದು ಮಾತು ಆಡಿದ್ದರೆ ಅವರು ಹೂಂ ಎನ್ನುತ್ತಿದ್ದರು ಎಂದು ಈಗ ನನಗೆ ತೋರುತ್ತದೆ. ಆಗ ಬಾಯಿ ಹಾಕಿದವನು ನಾನು. ಮಿಡ್ಲ್ ಸ್ಕೂಲಿನ ಸೈನ್ಸ್ ಮೇಷ್ಟ್ರು ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುತ್ತದೆ, ಅದರಿಂದ ಹಲ್ಲು ಕಂದಾಗುತ್ತದೆ, ಮೂಳೆ ಬಾಗುತ್ತದೆ ಎಂದು ಹೇಳಿದ್ದರು. ಅದು ಸುಳ್ಳಲ್ಲ. ನಮ್ಮ ಸೀಮೆಯಲ್ಲಿ ಅದರಿಂದ ನರಳಿದವರು ಬಹಳ. ಪಂಚಾಯ್ತಿ ಗೋಡೆಯ ಮೇಲೆ ಸೊಟ್ಟ ಕಾಲಿನ ಹುಡುಗನ ಚಿತ್ರವೂ ಇತ್ತು. ತಂಗಿಯ ಕಾಲು ಆ ಚಿತ್ರದ ಹಾಗೇ ಇತ್ತು.

"ಬಿಸಿಲಲ್ಲಿ ಏನಿಲ್ಲ ಅವ್ವ. ಅದು ನೀರಿಂದ ಬರೋ ಕಾಯಿಲೆ," ಎಂದೆ. ಫ್ಲೋರೈಡ್ ಎಂಬ ಮಾತನ್ನು ಆ ಅಡುಗೆಮನೆಯಲ್ಲಿ ಮೊದಲ ಸಲ ಆಡಿದ್ದೂ ನಾನೇ.

"ಏಮ್‌ರಾ, ಪೆದ್ದ ಡಾಕ್ಟ್ರಾ ನುವ್ವು?" ಎಂದಳು ಅಜ್ಜಿ, ದೊಡ್ಡ ಡಾಕ್ಟರೇನೋ ನೀನು ಎಂದು ತೆಲುಗಿನಲ್ಲಿ. "ಎಲ್ಲಾರೂ ಅದೇ ನೀರು ಕುಡೀತೀವಲ್ಲೋ. ನಿನ್ನ ಕಾಲು ನೆಟ್ಟಗಿದೆ. ನಿಮ್ಮಪ್ಪನ ಕಾಲು ನೆಟ್ಟಗಿದೆ. ನೀರು ಅವಳೊಬ್ಬಳನ್ನೇ ಹುಡುಕ್ಕೊಂಡು ಬಂತಾ?"

ಮುಂದೆ ನಾನು ಕಟ್ಟಡಗಳ ತುಂಬ ಇದ್ದ ವಿದ್ವಾಂಸರ ನಡುವೆ ಬದುಕಿದೆ. ಇದಕ್ಕಿಂತ ಸರಿಯಾದ ಪ್ರಶ್ನೆ ಕೇಳಿದವರು ಕಡಿಮೆ. ಒಂದೇ ಕೊಡದಿಂದ ಐದು ಜನ ಕುಡಿದು ಒಬ್ಬಳ ಕಾಲು ಬಾಗಿದರೆ, ಆ ಒಬ್ಬಳಲ್ಲಿ ಬೇರೆ ಏನಿದೆ ಎಂದು ಹುಡುಕಬೇಕು. ಬೇರೆ ಏನಿದೆ ಎಂಬುದು ಹತ್ತು ಹೆಜ್ಜೆ ದೂರದಲ್ಲಿ, ಪೇಪರು ಅಂಟಿಸಿದ ಕಿಟಕಿಯಲ್ಲಿ ಇತ್ತು. ನಾನು ಸೋಲುತ್ತಿದ್ದೇನೆ ಎಂದು ತಿಳಿಯಿತು. ಹದಿಮೂರು ಹದಿನಾಲ್ಕರ ವಯಸ್ಸು, ಅಕ್ಷರ ಬರದ ಮುದುಕಿಯ ಮುಂದೆ ಸೋಲುವುದು ಸಾಧ್ಯವಿರಲಿಲ್ಲ.

"ಹುಡುಗೀರಿಗೆ ಬೇಗ ತಗಲುತ್ತಂತೆ. ಪುಸ್ತಕದಲ್ಲಿದೆ," ಎಂದೆ.

ಪುಸ್ತಕದಲ್ಲಿರಲಿಲ್ಲ. ದೊಡ್ಡವನಾದ ಮೇಲೆ ಆ ತರಗತಿಯ ಪಠ್ಯವನ್ನು ಒಂದು ಲೈಬ್ರರಿಯಲ್ಲಿ ಹುಡುಕಿಸಿ, ಪುಟ ಪುಟ ತಿರುವಿದ್ದೇನೆ. ಮೇಷ್ಟ್ರು ಹೇಳಿದ್ದಿರಬಹುದು, ಅಥವಾ ಅಲ್ಲೇ ನಾನು ಕಟ್ಟಿದ್ದಿರಬಹುದು. ಅಪ್ಪನ ಮುಖ ಸಡಿಲವಾದದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ನೀರಿನ ಕಾಯಿಲೆಯಾದರೆ ನೀರು ಬದಲಾಯಿಸಿದರಾಯಿತು, ಕೈ ಬದಲಾಯಿಸಬೇಕಿಲ್ಲ. ಅವರು ಮುದ್ದೆ ನುಂಗಿ, ಓದೋ ಹುಡುಗ ಹೇಳ್ತಾನೆ ಎಂದರು. ಅಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಅಜ್ಜಿ ಎದ್ದು ಕೈ ತೊಳೆದುಕೊಂಡಳು.

ಮಾರನೆಯ ದಿನದಿಂದ ನಾನು ನೀರು ತರತೊಡಗಿದೆ. ಎರಡು ಮೈಲಿ ಆಚೆ ಒಂದು ಮಾವಿನ ತೋಪಿನಲ್ಲಿ ಹಳೇ ಬಾವಿಯಿತ್ತು, ಬಿದ್ದ ಮಳೆಯ ನೀರು ಅದರಲ್ಲಿ ನಿಲ್ಲುತ್ತಿತ್ತು. ಸ್ಕೂಲು ಬಿಟ್ಟ ಮೇಲೆ ಅಪ್ಪನ ಸೈಕಲ್ಲಿಗೆ ಎರಡು ಪ್ಲಾಸ್ಟಿಕ್ ಕೊಡ ಕಟ್ಟಿಕೊಂಡು ಹೋಗುತ್ತಿದ್ದೆ. ರಜೆಯ ದಿನ ಮಧ್ಯಾಹ್ನದ ಉರಿಬಿಸಿಲಿನಲ್ಲೂ ಹೋಗುತ್ತಿದ್ದೆ. ಬೆನ್ನು ಸುಟ್ಟು ಸಿಪ್ಪೆ ಏಳುತ್ತಿತ್ತು. ತಂದ ನೀರನ್ನು ಅಮ್ಮ ಕಾಸಿ ಆರಿಸಿ ಒಂದು ಬೇರೆ ಮಡಕೆಗೆ ತುಂಬಿಸುತ್ತಿದ್ದಳು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ದಾರಿಯಲ್ಲಿ ಸಿಕ್ಕವರು ಗೇಲಿ ಮಾಡುತ್ತಿದ್ದರು.

"ಏನ್ಲಾ, ತಂಗಿಗೆ ಗಂಗೆ ತರ್ತಿದೀಯಾ? ನಮಗೂ ಒಂದು ಚೊಂಬು ಬಿಡೋ."

ಎರಡು ವರ್ಷ ತಂದೆ. ಒಂದು ದಿನ ತಪ್ಪಿಸಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ, ಜ್ವರ ಬಂದು ಮಲಗಿದ ದಿನಗಳಾದರೂ ಇದ್ದಿರಬೇಕು. ಹಜಾರದ ಬಾಗಿಲಲ್ಲಿ ನಿಂತು ಲೋಟ ಚಾಚಿದರೆ ಒಳಗಿನ ಮಬ್ಬಿನಿಂದ ಅವಳ ಬಿಳಿಚಿದ ಕೈ ಬಂದು ತೆಗೆದುಕೊಳ್ಳುತ್ತಿತ್ತು. ಕುಡಿದು, ನಿಜವಾಗ್ಲೂ ಸಿಹಿ ಅಣ್ಣ ಎನ್ನುತ್ತಿದ್ದಳು. ಕಾಲು ಇನ್ನೂ ಬಾಗಿತು. ನನ್ನ ನಂಬಿಕೆ ಅಲುಗಲಿಲ್ಲ. ಹಳೆಯ ನೀರಿನ ವಿಷ ಮೈಯಲ್ಲಿ ಇನ್ನೂ ಇದೆ, ಇಳಿಯಲು ಕಾಲ ಬೇಕು ಎಂದು ಮನೆಯವರಿಗೆ ವಿವರಿಸಿದೆ. ವಾಸಿಯಾದರೆ ನೀರಿನಿಂದ, ಆಗದಿದ್ದರೆ ಹಳೇ ನೀರಿನಿಂದ. ಇಂಥ ವಾದಗಳನ್ನು ಮುಂದೆ ನಾನು ಇತರರ ಬರಹಗಳಲ್ಲಿ ಹುಡುಕಿ ಹುಡುಕಿ ಹರಿದುಹಾಕಿದ್ದೇನೆ. ಆ ಕೆಲಸದಲ್ಲಿ ನನಗೆ ಸ್ವಲ್ಪ ಹೆಸರೂ ಬಂತು.

ಅಜ್ಜಿ ಸತ್ತಳು. ನಾನು ಹಾಸ್ಟೆಲಿಗೆ ಹೋದೆ, ಅಲ್ಲಿಂದ ಮೈಸೂರಿಗೆ. ಸುಗುಣ ಐದನೇ ಕ್ಲಾಸು ದಾಟಲಿಲ್ಲ. ಗಂಡು ಸಿಗುವುದು ಕಷ್ಟವಾಗಿ, ಮುಳಬಾಗಿಲಿನ ಕಡೆಯ ಒಬ್ಬ ಎರಡನೇ ಸಂಬಂಧದವನಿಗೆ ಕೊಟ್ಟರು. ಹೆರಿಗೆ ನೋವು ಎರಡು ದಿನ ತಿಂದಳು. ಸೊಂಟದ ಮೂಳೆಯ ಕಟ್ಟು ಸಣ್ಣದು, ಮಗು ಇಳಿಯಲು ದಾರಿಯಿಲ್ಲ ಎಂದು ತಿಳಿಯುವ ಹೊತ್ತಿಗೆ ಮಗು ಹೋಗಿತ್ತು. ಮತ್ತೆ ಮಕ್ಕಳಾಗಲಿಲ್ಲ. ನಾನು ಆಸ್ಪತ್ರೆಗೆ ಹೋದಾಗ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಈ ಹಾಳು ನೀರು ಎಂದು ಅಮ್ಮ ಅಳುತ್ತಿದ್ದಳು. ಹೌದು ಎಂದು ನಾನು ತಲೆಯಾಡಿಸಿದೆ.

ಹೋದ ವರ್ಷ ಸುಗುಣಳಿಗೆ ಮಂಡಿ ನೋವು ತೀರ ಹೆಚ್ಚಿ, ಕೋಲಾರದ ಒಬ್ಬ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಾಯುವ ಕೋಣೆಯಲ್ಲಿ ಯೂನಿಫಾರಂ ತೊಟ್ಟ ಒಂದು ಹುಡುಗಿ ತಾಯಿಯ ಪಕ್ಕ ಕೂತು ತನ್ನ ಮೊಣಕಾಲು ತಾನೇ ಒತ್ತಿಕೊಳ್ಳುತ್ತಿದ್ದಳು. ಸುಗುಣ ಎಲ್ಲಿ ಕೂತರೂ ಪಕ್ಕದವರನ್ನು ಮಾತಾಡಿಸುತ್ತಾಳೆ.

"ಏನಾಗಿದೆ ಮಗೂಗೆ?"

"ವಿಟಮಿನ್ ಡಿ ಕಮ್ಮಿ ಅಂತ ಅಕ್ಕ. ಬೆಳಗ್ಗೆ ಏಳಕ್ಕೆ ವ್ಯಾನು, ಸಾಯಂಕಾಲ ಅಲ್ಲಿಂದಲೇ ಟ್ಯೂಷನ್ನು. ಮನೆಗೆ ಬರೋ ಹೊತ್ತಿಗೆ ದೀಪ ಹಾಕಿರ್ತೀವಿ. ಭಾನುವಾರ ಆಚೆ ಹೋಗೇ ಅಂದ್ರೆ ಕಪ್ಪಾಗ್ತೀನಿ ಅಂತಾಳೆ."

"ಇದಕ್ಕೂ ಬಿಸಿಲಿಗೂ ಏನು ಸಂಬಂಧ?" ಎಂದು ಸುಗುಣ ಕೇಳಿದಳು. ಬಿಸಿಲು ಬಿದ್ದರೆ ಚರ್ಮದಲ್ಲೇ ಅದು ತಯಾರಾಗುತ್ತದಂತೆ ಎಂದು ಆ ತಾಯಿ ವಿವರಿಸುತ್ತಿರುವಾಗ ನಮ್ಮನ್ನು ಒಳಗೆ ಕರೆದರು.

ಡಾಕ್ಟರು ಚಿಕ್ಕ ವಯಸ್ಸಿನವರು. ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು, ರಕ್ತದ ರಿಪೋರ್ಟು ನೋಡಿ, ಸುಗುಣಳ ಕಡೆ ತಿರುಗಿದರು.

"ಅಮ್ಮ, ಚಿಕ್ಕವರಿದ್ದಾಗ ನಿಮ್ಮನ್ನ ಬಿಸಿಲಿಗೆ ಬಿಡ್ತಿರ್ಲಿಲ್ವಾ?"

"ಹುಳುಮನೇಲಿದ್ದೆ ಸಾರ್," ಎಂದಳು ಸುಗುಣ. ಹೇಳುವಾಗ ಸ್ವಲ್ಪ ಹೆಮ್ಮೆಯಿತ್ತು. "ನನ್ನ ಕೈಗುಣ ಚೆನ್ನಾಗಿತ್ತು."

ನಾನು ಫ್ಲೋರೈಡ್ ಎಂದೆ. ಅವರು ನನ್ನ ಬಾಯಿ ನೋಡಿದರು.

"ನೀರಿಂದ ನಿಮ್ಮ ಹಲ್ಲು ಹೋಗಿದೆ ಸರ್, ಅದು ಕಾಣ್ತಿದೆ. ಇವರ ಮೂಳೇಲಿ ಆ ಗುರುತಿಲ್ಲ. ಬೆಳೆಯೋ ವಯಸ್ಸಲ್ಲಿ ವಿಟಮಿನ್ ಡಿ ಇಲ್ದೆ ಮೆತ್ತಗಾಗಿ ಬಾಗಿರೋ ಕಾಲು ಇದು. ಆಗ ಬಿಸಿಲು, ಹಾಲು, ಒಂದಷ್ಟು ತಿಂಗಳು ಔಷಧಿ ಸಿಕ್ಕಿದ್ರೆ ಬೆಳೀತಾ ಬೆಳೀತಾ ನೆಟ್ಟಗಾಗ್ತಿತ್ತೇನೋ. ಈಗ ನೋವಿಗೆ ಕೊಡಬಹುದು, ಅಷ್ಟೇ."

ಹೊರಗೆ ಬಂದಾಗ ಆ ಹುಡುಗಿ ಇನ್ನೂ ಕೂತಿದ್ದಳು. ತಾಯಿಗೆ ಏನಾದರೂ ಹೇಳಬೇಕು ಎನಿಸಿತು. ಏನು ಹೇಳಲಿ, ಮಕ್ಕಳ ಕಾಲಿನ ವಿಷಯದಲ್ಲಿ ನಾನು ಒಮ್ಮೆ ಮಾತಾಡಿದ್ದೇನೆ. ಸುಮ್ಮನೆ ದಾಟಿದೆ.

ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತು ಅವಳಿಗೆ ಎಲ್ಲ ಹೇಳಿದೆ. ಅಡುಗೆಮನೆಯ ಸಂಜೆ, ಅಜ್ಜಿಯ ಪ್ರಶ್ನೆ, ಪುಸ್ತಕದ ಸುಳ್ಳು. ಅವಳು ದೋಸೆ ಮುರಿಯುತ್ತ ಕೇಳಿದಳು.

"ಯಾರು ಆಡಿದ ಮಾತೋ, ನಂಗೊತ್ತಿಲ್ಲ ಕಣಣ್ಣ. ನಾನು ಒಳಗೆ ಹಜಾರದಲ್ಲಿ ಊಟ ಮಾಡ್ತಿದ್ದೆನಲ್ಲ. ಅವ್ವ ಬಣವೆ ಹಿಂದೆ ಕೂರಿಸ್ತಿದ್ದಿದ್ದು ಗೊತ್ತು."

"ಯಾವ ಬಣವೆ?"

"ಹಿತ್ತಲಿಂದು. ಅಪ್ಪ ಗೂಡು ಹಾಕೋಕೆ ಮಾರ್ಕೆಟ್ಟಿಗೆ ಹೋದಾಗ, ಇಲ್ಲ ಸೊಪ್ಪಿಗೆ ಹೋದಾಗ, ಅವ್ವ ನನ್ನ ಕರ್ಕೊಂಡ್ ಹೋಗಿ ಲಂಗ ತೊಡೆವರೆಗೆ ಎತ್ತಿ ಎಣ್ಣೆ ಹಚ್ಚಿ ಕೂರಿಸ್ತಿದ್ಳು. ಯಾರ್ಗೂ ಹೇಳ್ಬೇಡ ಅಂತಿದ್ಳು. ಒಂದು ತಿಂಗಳು ಇರ್ಬೋದೇನೋ. ಸೆಳೆತ ಕಮ್ಮಿಯಾಗಿತ್ತು."

"ಆಮೇಲೆ?"

"ಆಮೇಲೆ ನೀನು ನೋಡ್ದೆಯಲ್ಲ. ನೀರಿನ ಸೈಕಲ್ ಅಲ್ಲೇ ಬೀಳಿಸಿ ಓಡಿ ಬಂದೆ. ಅವ್ವನ ಮೇಲೆ ಕೂಗಾಡ್ದೆ. ಬಿಸಿಲಲ್ಲಿ ಕೂತ್ರೆ ಬಾಯಾರುತ್ತೆ, ಬಾಯಾರಿದ್ರೆ ಬೋರಿನ ನೀರು ಕುಡೀತಾಳೆ, ನಾನು ಇಷ್ಟು ದೂರದಿಂದ ತರೋದೆಲ್ಲ ದಂಡ ಅಂದೆ. ಅಪ್ಪಂಗೆ ಹೇಳ್ತೀನಿ ಅಂದೆ. ಅವ್ವ ಮತ್ತೆ ಕರ್ಕೊಂಡ್ ಹೋಗ್ಲಿಲ್ಲ."

ನನಗೆ ಇದು ನೆನಪಿಲ್ಲ. ಬಣವೆ ನೆನಪಿಲ್ಲ, ಕೂಗಾಡಿದ್ದು ನೆನಪಿಲ್ಲ, ಅಪ್ಪನಿಗೆ ಹೇಳಿದೆನೋ ಇಲ್ಲವೋ ನೆನಪಿಲ್ಲ. ಆ ಹೊತ್ತಿನವರೆಗೆ ನಾನು ಹೊರಬೇಕಾದದ್ದು ಒಂದು ಮಾತಿನ ತಪ್ಪು ಮಾತ್ರ ಎಂದುಕೊಂಡಿದ್ದೆ, ಅದನ್ನೂ ಅರ್ಧ ಅನುಮಾನಿಸುತ್ತ. ಅವಳ ಮಾತಿನಲ್ಲಿ ಸಂದಿ ಹುಡುಕಿದೆ. ಬೆಳೆಯಿರುವಾಗ ಒಳಗಿನವಳು ಹೊರಗೆ ಹೋದಳೆಂದರೆ ಅಮ್ಮನಿಗೆ ತಿಳಿಯದಿರುತ್ತದೆಯೇ, ಒಂದು ತಿಂಗಳು ಯಾರ ಕಣ್ಣಿಗೂ ಬೀಳದಿರುತ್ತದೆಯೇ. ಕೇಳಬಹುದಿತ್ತು. ಆದರೆ ಬಾಯಾರುತ್ತದೆ ಎಂಬ ವಾದ ನನ್ನದೇ. ಅಷ್ಟು ಓರಣವಾಗಿ, ಅಷ್ಟು ಕುರುಡಾಗಿ ಆ ಮನೆಯಲ್ಲಿ ಬೇರೆ ಯಾರೂ ಯೋಚಿಸುತ್ತಿರಲಿಲ್ಲ.

"ನಿಂಗೆ ನನ್ನ ಮೇಲೆ ಸಿಟ್ಟು ಬರಲಿಲ್ವಾ?" ಎಂದೆ.

"ಸಿಟ್ಟು ಯಾಕಣ್ಣ? ನೀನು ನನ್ನ ಎತ್ಕೊಂಡು ಒಳಗೆ ಬಂದೆ. ಆಗಲೇ ಉದ್ದ ಆಗಿದ್ದೆ ನಾನು, ಕಾಲು ನೆಲಕ್ಕೆ ತಾಗ್ತಿತ್ತು. ನಿನ್ನ ಮೈಯೆಲ್ಲ ಬಿಸಿಬಿಸಿ ಇತ್ತು. ಚೆನ್ನಾಗಿತ್ತು." ಅವಳು ಸ್ವಲ್ಪ ನೀರು ಕುಡಿದಳು. "ಅದಾದ್ಮೇಲೆ ನನ್ನ ಯಾರೂ ಎತ್ಕೊಂಡಿಲ್ಲ."

ಮುಳಬಾಗಿಲಿನ ಬಸ್ಸು ಬಂತು. ಮೆಟ್ಟಿಲು ಎತ್ತರವಿತ್ತು. ಅವಳು ಎರಡೂ ಕೈಯಲ್ಲಿ ಕಂಬಿ ಹಿಡಿದು ಒಂದು ಕಾಲನ್ನು ಮೇಲಿಟ್ಟು, ಇನ್ನೊಂದು ಬಾರದೆ ನಿಂತಳು. ಹಿಂದಿನವರು ತಳ್ಳುತ್ತಿದ್ದರು. ನಾನು ಬಗ್ಗಿ ಎರಡೂ ತೋಳು ಚಾಚಿದೆ.

"ಬೇಡ ಬಿಡಣ್ಣ," ಎಂದಳು. "ಜನ ನೋಡ್ತಾರೆ."